ಎಂಟು ಸೆಕೆಂಡಿನ ಸೀರಿ

ಟಾಕೀಸು ಕೆಡವೋ ಮುಂದ
ಡೋಂಗ್ರಿಸಾಬ ಒಂದು ಟಿಫಿನ್ ಡಬ್ಬಿ ತಂದ,
ಕೊಪ್ಪಳದಿಂದ ಕಿನ್ನಾಳಕ್ಕ, ಟಂಟಮಿನ್ಯಾಗ, ತೊಡಿಮ್ಯಾಲ ಇಟಗೊಂಡು.
ಒಳಗ ಹನ್ನೆರಡು ಅಡಿ ರೀಲು.
ಹಳಸಿದ ಮಜ್ಜಿಗಿಯಂಥ ಹುಳಿ ವಾಸನಿ.

ಬಣ್ಣ ಹೋಗೇತಿ ನೋಡು, ಅಂದ.
ಎಲ್ಲಾ ಗುಲಾಬಿ.
ಬಾಗಲು ಗುಲಾಬಿ, ಗ್ವಾಡಿ ಗುಲಾಬಿ,
ಬೆನ್ನು ತಿರುಗಿಸಿ ಹೊಂಟ ಹೆಣ್ಣು, ಆಕಿ ಸೀರಿ,
ಶರಬತ್ತಿನ ಗಿಲಾಸಿನ್ಯಾಗ ಅದ್ದಿ ತಗದಂಗ.

ಸೀರಿ ಯಾವ ಬಣ್ಣ ಇತ್ತು?
ಹಸಿರು. ಮುನ್ನೂರು ಸಲ ಓಡಿಸೀನಿ, ನನಗ ಗೊತ್ತಿಲ್ಲೇನು?

ನನ್ನ ಹತ್ರ ಯಾಕ ತಂದಿ ಅಂತ ಕೇಳಲಿಲ್ಲ.
ಅವಗೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು:
ಹೋದ ವರ್ಷ ಜ್ವರ ಬಿಟ್ಟಿತು, ಬಲಗೈ ನಡುಕ ಬಿಡಲಿಲ್ಲ.
ಗೆರಿ ನಡುಗಿದರ ದೇವರ ಕಣ್ಣು ಮಂಜಾಗತಾವ, ಅಂತಿದ್ದ ಅಪ್ಪ.
ಇಪ್ಪತ್ತಾರು ವರ್ಷ ಗೌರಿ ಕಣ್ಣು ಬರದವಳು ನಾನು;
ಈಗ ನೆಗೆಣ್ಣಿ ಶಂಕ್ರಮ್ಮ ಬರೀತಾಳ.
ನನಗ ಹುಣಸಿಬೀಜ ಅರಿಯೋದು, ಕಿಟ್ಟ ನಾದೋದು,
ಮರದ ಬೆನ್ನಿಗೆ ಬಿಳಿ ಬಳಿಯೋದು.

ಪುಣ್ಯಾಕ ರೀಲಿನಾಕಿಗೆ ಮಾರಿ ಇರಲಿಲ್ಲ.

ಯಾವ ಮಗ್ಗಲು ಬಣ್ಣ ಹಿಡೀತೈತಿ?
ತುಟಿಗೆ ಇಡು, ಅಂದ. ಅಂಟಿದ್ದು ಒಳಮಗ್ಗಲು.
ಇಟ್ಟೆ. ಅಂಟಿತು.
ಈ ವಯಸ್ಸಿನ್ಯಾಗ ಒಂದು ಹುಳಿ ಮುತ್ತು!
ಅವ ಆಕಡೆ ಮಾರಿ ಮಾಡಿ ಬೀಡಿ ಹುಡುಕಿದ.

ಮೊದಲು ಅಪ್ಪನ ಹಸಿರು ಹಚ್ಚಿದೆ, ಬಂಕದಾಗ ಕಲಸಿದ್ದು.
ಒಣಗಿತು. ಸುರುಳಿ ಸುತ್ತಿದರ
ಹಪ್ಪಳ ಮುರದಂಗ ಚಕ್ಕಿ ಚಕ್ಕಿ ಮಡಿಲಿಗೆ ಉದುರಿತು.
ಮರ ಬಗ್ಗೂದಿಲ್ಲ, ಇದು ಬಗ್ಗತೈತಿ; ಕಲೀಲಿಕ್ಕ ಎಂಟು ದಿನ ಹಿಡೀತು.
ಆಮ್ಯಾಲ ಮಿಠಾಯಿ ಅಂಗಡಿ ಹಸಿರು ಪುಡಿ, ನೀರು,
ಎರಡು ಹನಿ ಸ್ಪಿರಿಟ್ಟು.
ಅಳಿಲಿನ ಬಾಲದ ಕುಂಚ, ಮೂರೇ ಕೂದಲು.

ಅಡಿಗೆ ಹದಿನಾರು ಮನಿ,
ಚೌಕಾಬಾರದ ಮನಿಗಿಂತ ಸಣ್ಣವು.
ನೂರಾ ತೊಂಬತ್ತೆರಡು ಮನಿ,
ಮನಿಗೊಬ್ಬ ಹೆಣ್ಣು,
ಹೆಣ್ಣಿಗೊಂದು ಸೀರಿ.
ಒಬ್ಬಾಕಿ ಸೆರಗು ಭುಜ ದಾಟಿತು,
ಒಬ್ಬಾಕಿ ಹಸಿರು ಹೋಗಿ ಬಾಗಲಿಗೆ ಮೆತ್ತಿತು.
ಎಪ್ಪತ್ತನೇ ಮನಿಯಾಗ ಬರೇ ಒಂದು ಚುಕ್ಕಿ,
ಆವತ್ತು ಕೈ ಮಾತು ಕೇಳಲಿಲ್ಲ.
ಅಳಸಲಿಲ್ಲ. ಅಳಸಲಿಕ್ಕ ಬರೂದಿಲ್ಲ ಇದನ್ನ.

ನಾಗರಪಂಚಮಿಗೆ ಹಿಡದದ್ದು ಸೀಗಿಹುಣ್ಣಿಮಿಗೆ ಮುಗೀತು.
ಎಷ್ಟು ಹೊತ್ತು ಓಡತೈತಿ?
ಎಂಟು ಸೆಕೆಂಡು, ಅಂದ,
ಗಾಳ್ಯಾಗ ಬೀಡಿ ಹಚ್ಚಿದಷ್ಟು.

ಟಾಕೀಸಿನ ಕುರ್ಚಿ ಮಾರಿದ್ದರು,
ಪರದೆ ಯಾರದೋ ಕಣಕ್ಕ ತಾಡಪಾಲಾಗಿತ್ತು.
ಹಿಂದ ಮುಂದ ಖಾಲಿ ರೀಲು ಅಂಟಿಸಿ
ಬರೀ ಗ್ವಾಡಿಗೆ ಬಿಟ್ಟ.

ಬೆಳಕು ಬಿತ್ತು.
ಆಕಿ ಹೊಂಟಳು.
ಸೀರಿ ಒಂದು ಕಡೆ ನಿಲ್ಲವಲ್ಲದು,
ಮೈಯಿಂದ ಗೇಣು ಹೊರಗ ಬರತೈತಿ, ಒಳಗ ಹೋಗತೈತಿ,
ಎಸರು ಕುದ್ದಂಗ,
ಎಳೀ ಜ್ವಾಳದ ಹೊಲಕ್ಕ ಗಾಳಿ ಹೊಕ್ಕಂಗ.
ನನ್ನ ನಡುಕ, ಆಳೆತ್ತರ,
ಸುಣ್ಣದ ಗ್ವಾಡಿ ಮ್ಯಾಲ, ನಡಕೋತ.
ನಡುವ ಒಮ್ಮೆ ಎಪ್ಪತ್ತನೇ ಮನಿ ದಾಟಿತು.
ಗ್ವಾಡಿ ಕಣ್ಣು ಬಡೀತು.

ಮಷೀನಿನ ಬಾಯಾಗ ಬಣ್ಣ ಮೆತ್ತಿತ್ತು.
ಡೋಂಗ್ರಿಸಾಬ ಅಂಗಿ ಚುಂಗಿಲೆ ಒರಸಿದ, ಅಂಗಿ ಹಸಿರಾತು.
ಇನ್ನೊಮ್ಮೆ ಓಡಿಸಿದ. ಮತ್ತೊಮ್ಮೆ.
ನಾಲ್ಕನೇ ಸಲ ಆದ ಮ್ಯಾಲ
ತಲಿ ಕೆರಕೊಂಡು ಅಂದ:
ನೀಲಿ ಇತ್ತೇನೋ ಬೇ, ಆ ಸೀರಿ.

ದೀಪ ಆರಿಸಿದರೂ ನನ್ನ ಕಣ್ಣಾಗ ಹಸಿರೇ.
ನೀಲಿ ಮಿಠಾಯಿ
ನಾನಂತೂ ಎಲ್ಲೂ ನೋಡಿಲ್ಲ.